ಬಿರುಕು ಹಿಡಿಯುವ ವಿದ್ಯೆ

ವಿಮಾನದ ಬಿಡಿಭಾಗ ಕಣ್ಣಿಗೆ ನುಣುಪಾಗಿ ಕಂಡರೆ ಸಾಲದು. ಅದನ್ನು ಹೊಳೆಯುವ ಬಣ್ಣದ ದ್ರವದಲ್ಲಿ ಅದ್ದಿ, ತೊಳೆದು, ಒಣಗಿಸಿ, ಬಿಳಿ ಪುಡಿ ಉದುರಿಸಿ, ಕತ್ತಲೆ ಕೋಣೆಯಲ್ಲಿ ಅತಿನೇರಳೆ ದೀಪದಡಿ ಹಿಡಿಯುತ್ತಾರೆ. ಕೂದಲೆಳೆಯಂಥ ಬಿರುಕಿದ್ದರೂ ಅದರೊಳಗೆ ಉಳಿದ ಬಣ್ಣ ಹಳದಿ ಹಸಿರು ಗೆರೆಯಾಗಿ ಮೇಲೇಳುತ್ತದೆ. ಎಂಥ ಅಚ್ಚುಕಟ್ಟಾದ ವಿದ್ಯೆ!

ಬೆಳಗಾವಿ ಜಿಲ್ಲೆಯ ಕಟಕೋಳದ ನಮಗೆ ಹೆಮ್ಮೆಯೆಂದರೆ, ಈ ಕೆಲಸ ನಮ್ಮದೇ ಜಿಲ್ಲೆಯ ಹತ್ತರಗಿಯಲ್ಲಿ, ಏಕಸ್ ಕಂಪನಿಯ ಆವರಣದಲ್ಲಿ ನಡೆಯುತ್ತಿದೆ. 1997ರಲ್ಲಿ ಅಜಿತ್ ಪ್ರಭು, ಅರವಿಂದ ಮೆಳ್ಳಿಗೇರಿ ಅಮೆರಿಕದಲ್ಲಿ ಕಟ್ಟಿದ ಕ್ವೆಸ್ಟ್, ಎಂಜಿನಿಯರಿಂಗ್ ಸೇವೆಯ ಕಂಪನಿ. ಅದರ ತಯಾರಿಕೆಯ ಕವಲೇ ಮುಂದೆ ಏಕಸ್ ಆಯಿತು. ಫೋರ್ಜಿಂಗ್, ಮಷಿನಿಂಗ್, ಲೇಪನ, ತಪಾಸಣೆ ಎಲ್ಲವನ್ನೂ ಒಂದೇ ಆವರಣಕ್ಕೆ ತಂದದ್ದೇ ಅದರ ದೊಡ್ಡ ಸಾಧನೆ.

ರಾಮದುರ್ಗ, ಸವದತ್ತಿ, ಬೈಲಹೊಂಗಲದ ಐಟಿಐ, ಡಿಪ್ಲೊಮಾ ಮಕ್ಕಳು ಲೇತ್ ಕಲಿತಷ್ಟೇ ಆಸಕ್ತಿಯಿಂದ ಈ ತಪಾಸಣೆಯನ್ನೂ ಕಲಿಯಲಿ.