ಬಚ್ಚಲುಮನೆಯ ಜರೀಗಿಡ

ಹೈದರಾಬಾದಿನ ಬೇಸಿಗೆಯಲ್ಲಿ ಜರೀಗಿಡ ಉಳಿಯಬೇಕೆಂದರೆ ಹಾಲ್ ಬೇಡ, ಬಾಲ್ಕನಿಯೂ ಬೇಡ, ಬಚ್ಚಲುಮನೆಯೇ ಸರಿ. ಏಪ್ರಿಲ್ ಮಧ್ಯಾಹ್ನ ಬಿಸಿಲು 40 ಡಿಗ್ರಿ ಮುಟ್ಟುವಾಗ ಈ ದಖ್ಖನ್ ಗಾಳಿಯಲ್ಲಿ ತೇವದ ಪಸೆಯೇ ಇರುವುದಿಲ್ಲ. ಇಲ್ಲಿನ ನರ್ಸರಿಗಳ ಗಿಡಗಳಲ್ಲಿ ಬಹಳಷ್ಟು ರಾಜಮಂಡ್ರಿ ಪಕ್ಕದ ಕಡಿಯಂನಿಂದ ಬಂದವು. ಗೋದಾವರಿ ಸೀಮೆಯ ತೇವದ ಗಾಳಿಯಲ್ಲಿ, ಶೇಡ್‌ನೆಟ್ ನೆರಳಿನಲ್ಲಿ ಬೆಳೆದ ಬಾಸ್ಟನ್ ಫರ್ನನ್ನು ತಂದು ಎಸಿ ಎದುರು ಇಟ್ಟರೆ ಎಲೆಯಂಚು ಸುಟ್ಟು ಉದುರದೆ ಇನ್ನೇನಾದೀತು? ಬೆಳಗ್ಗೆ ನಾಲ್ಕು ಜನ ಸ್ನಾನ ಮಾಡಿದ ಬಚ್ಚಲಿನ ಹಬೆ, ಒದ್ದೆ ನೆಲ ಅದಕ್ಕೆ ತವರಿನ ಹವೆಯನ್ನು ಸ್ವಲ್ಪವಾದರೂ ಕೊಡುತ್ತವೆ.

ಆದರೆ ಹಬೆಯೊಂದೇ ಸಾಲದು. ಗಿಡ ಕೊಳ್ಳುವ ಮುಂಚೆ ವೆಂಟಿಲೇಟರ್ ನೋಡಿ. ಬೆಳಗ್ಗೆ ಹನ್ನೊಂದಕ್ಕೆ ದೀಪ ಆರಿಸಿ, ಪತ್ರಿಕೆಯ ಅಕ್ಷರ ಸಲೀಸಾಗಿ ಓದಲು ಬಂದರೆ ಜರೀಗಿಡ ತರಬಹುದು, ಪೀಸ್ ಲಿಲಿಯೂ ಆದೀತು. ಫ್ಲ್ಯಾಟುಗಳ ಬಚ್ಚಲುಗಳು ಎಷ್ಟೋ ಕಡೆ ಕತ್ತಲೆಯ ಡಕ್ಟಿನತ್ತ ಬಾಯಿ ತೆರೆದಿರುತ್ತವೆ. ಅಲ್ಲಿಗೆ ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟ್ ಮಾತ್ರ. ಅವೂ ಕತ್ತಲಲ್ಲಿ ಬೆಳೆಯುವುದಿಲ್ಲ, ತಾಳಿಕೊಳ್ಳುತ್ತವೆ ಅಷ್ಟೆ. ಎರಡು ಕುಂಡ ಇಟ್ಟುಕೊಂಡು ಹದಿನೈದು ದಿನಕ್ಕೊಮ್ಮೆ ಒಂದನ್ನು ಬಾಲ್ಕನಿಯ ನೆರಳಿಗೆ, ಇನ್ನೊಂದನ್ನು ಒಳಕ್ಕೆ ಬದಲಿಸಿ.

ನೆಕ್ಲೇಸ್ ರಸ್ತೆಯ ನರ್ಸರಿ ಮೇಳದಲ್ಲಿ ಯಾರಾದರೂ ‘ಈ ಗಿಡ ಗಾಳಿ ಶುದ್ಧಮಾಡುತ್ತದೆ’ ಎಂದರೆ ಅದಕ್ಕೆಂದೇ ಕೊಳ್ಳಬೇಡಿ. ಆ ಮಾತಿನ ಹಿಂದಿರುವ 1989ರ ನಾಸಾ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ. ಎಲೆಯ ಚೆಲುವಿಗಾಗಿ ಕೊಳ್ಳಿ, ಅಷ್ಟು ಸಾಕು.

ಈ ಊರಿನಲ್ಲಿ ನಿಜವಾದ ತೊಡಕು ನೀರಿನದು. ಬೋರ್‌ವೆಲ್ ನೀರು ಗಡಸು. ನಲ್ಲಿಗೆ, ಬಕೆಟ್ಟಿಗೆ ಬಿಳಿ ಪೊರೆ ಕಟ್ಟಿಸುವ ಲವಣವೇ ಕುಂಡದ ಮಣ್ಣಿನಲ್ಲೂ ಕೂತು ಜರೀಗಿಡದ ತುದಿಯನ್ನು ಕಂದಿಸುತ್ತದೆ. ಆರ್‌ಒ ಹೊರಚೆಲ್ಲುವ ನೀರನ್ನು ಉಳಿತಾಯವೆಂದು ಹಾಕುವವರಿದ್ದಾರೆ. ಅದರಲ್ಲಿ ಲವಣ ಇನ್ನೂ ದಟ್ಟವಾಗಿರುತ್ತದೆ, ನೆಲ ತೊಳೆಯಲು ಬಳಸಿ. ಗಿಡಕ್ಕೆ ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರು ಶ್ರೇಷ್ಠ: ಗಾಳಿಯ ತೇವ ತಣಿದು ಇಳಿದದ್ದಾದ್ದರಿಂದ ಅದರಲ್ಲಿ ಲವಣವೇ ಇಲ್ಲವೆನ್ನಬಹುದು. ಶುಚಿಯಾದ ಬಕೆಟ್ಟಿನಲ್ಲಿ ಹಿಡಿಯಿರಿ. ಬಚ್ಚಲಲ್ಲಿ ಮಣ್ಣು ನಿಧಾನವಾಗಿ ಒಣಗುತ್ತದೆ, ಆದ್ದರಿಂದ ಬೆರಳಿಟ್ಟು ನೋಡದೆ ನೀರು ಹಾಕಬೇಡಿ. ಜರೀಗಿಡಕ್ಕೆ ಮೇಲ್ಮಣ್ಣು ಆರತೊಡಗಿದಾಗ, ಸ್ನೇಕ್ ಪ್ಲಾಂಟಿಗೆ ಕುಂಡವೆಲ್ಲ ಒಣಗಿದ ಮೇಲೆ. ಆಸಿಡ್ ಅಥವಾ ಬ್ಲೀಚಿಂಗ್ ಪುಡಿ ಹಾಕಿ ಉಜ್ಜುವ ದಿನ ಕುಂಡಗಳು ಹೊರಗಿರಲಿ.

ಮಾರ್ಚ್‌ನಲ್ಲಂತೂ ಕೊಳ್ಳಲೇಬೇಡಿ. ಜೂನ್ ಕೊನೆಗೆ ಮಳೆ ಹಿಡಿದ ಮೇಲೆ ತಂದ ಗಿಡಕ್ಕೆ ಮುಂದಿನ ಬೇಸಿಗೆಯೊಳಗೆ ಬೇರು ಬಿಡಲು ಎಂಟು ತಿಂಗಳಾದರೂ ಸಿಗುತ್ತದೆ.