ಓಸ್ಲರ್ ಹೇಳಿದ ಸಮಚಿತ್ತ

ವಿಲಿಯಂ ಓಸ್ಲರ್ (1849–1919) ವೈದ್ಯ ವಿದ್ಯಾರ್ಥಿಗಳನ್ನು ಉಪನ್ಯಾಸ ಕೊಠಡಿಯಿಂದ ರೋಗಿಯ ಹಾಸಿಗೆಯ ಬಳಿಗೆ ಕರೆತಂದ ಗುರು. ಅವರ ಭಾಷಣಗಳ ಸಂಕಲನ ‘ಈಕ್ವನಿಮಿಟಾಸ್’ (1904) ಓದುವಾಗ ನನ್ನನ್ನು ಕಾಡಿದ ಪ್ರಶ್ನೆ ಒಂದೇ: ಗುರುವಿನ ಖಾಸಗಿ ನಂಬಿಕೆ ಪಾಠದೊಳಗೆ ಯಾವ ರೂಪದಲ್ಲಿ ಬರುತ್ತದೆ?

ಕೆನಡಾದ ಪಾದ್ರಿಯೊಬ್ಬರ ಮಗನಾದ ಓಸ್ಲರ್ ತಾವೂ ಪಾದ್ರಿಯಾಗಲೆಂದು 1867ರಲ್ಲಿ ಟೊರಾಂಟೊದ ಟ್ರಿನಿಟಿ ಕಾಲೇಜು ಸೇರಿದರು. ಮರುವರ್ಷ ವೈದ್ಯಕೀಯಕ್ಕೆ ಹೊರಳಿದರು. ಜೀವನವಿಡೀ ಜೊತೆಗಿಟ್ಟುಕೊಂಡದ್ದು 17ನೇ ಶತಮಾನದ ವೈದ್ಯ ಥಾಮಸ್ ಬ್ರೌನ್ ಬರೆದ ‘ರಿಲಿಜಿಯೊ ಮೆಡಿಸಿ’. ಶ್ರದ್ಧೆ, ಸಂದೇಹ ಎರಡಕ್ಕೂ ಜಾಗ ಕೊಟ್ಟ ಆ ಪುಸ್ತಕ ಕೊನೆಗೆ ಅವರ ಶವಪೆಟ್ಟಿಗೆಯ ಮೇಲೂ ಇತ್ತು.

ವಿದ್ಯಾರ್ಥಿಗಳು ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡು ಓದಲೆಂದು ಅವರು ಕೊಟ್ಟ ಪುಸ್ತಕಗಳ ಪಟ್ಟಿಯಲ್ಲಿ ಬೈಬಲ್ ಮೊದಲು. ಆಮೇಲೆ ಶೇಕ್ಸ್‌ಪಿಯರ್, ಮಾಂಟೇನ್, ಪ್ಲುಟಾರ್ಕ್, ಮಾರ್ಕಸ್ ಆರೇಲಿಯಸ್ ಮುಂತಾದವರು. ಧರ್ಮಗ್ರಂಥದ ಪಕ್ಕದಲ್ಲೇ ಸಂದೇಹವಾದಿಯನ್ನು ಕೂರಿಸಿದ ಗುರು ಮತಬೋಧಕನಲ್ಲ. ಆದರೆ ಪಟ್ಟಿಯಲ್ಲಿ ಹೆಸರಿರುವ ಲೇಖಕರೆಲ್ಲ ಗಂಡಸರೇ. ಓಸ್ಲರ್ ಪಾಠ ಹೇಳಿದ ಜಾನ್ಸ್ ಹಾಪ್‌ಕಿನ್ಸ್ ವೈದ್ಯಕೀಯ ಶಾಲೆ 1893ರ ಮೊದಲ ತರಗತಿಗೇ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತ್ತು. ಗುರುವಿನ ಅಭಿರುಚಿಯ ಮಿತಿಯೂ ಹೀಗೆ ಪಠ್ಯವಾಗುತ್ತದೆ.

ಸಂಕಲನಕ್ಕೆ ಹೆಸರು ಕೊಟ್ಟ 1889ರ ಭಾಷಣ ಹೊಸ ವೈದ್ಯರಿಗೆ ಎರಡು ಗುಣ ಹೇಳುತ್ತದೆ: ಹೊರಗೆ ನಿಶ್ಚಲತೆ, ಒಳಗೆ ಸಮಚಿತ್ತ. ನಮಗೆ ತಕ್ಷಣ ‘ಸ್ಥಿತಪ್ರಜ್ಞ’ ಎಂಬ ಮಾತು ನೆನಪಾಗುತ್ತದೆ. ಹೋಲಿಕೆ ಪೂರ್ತಿ ಒಪ್ಪುವುದಿಲ್ಲ. ಗೀತೆಯ ಸ್ಥಿತಪ್ರಜ್ಞ ತನ್ನ ಸುಖದುಃಖಗಳ ನಡುವೆ ಕದಲದವನು. ವೈದ್ಯನ ಎದುರಿಗಿರುವುದು ಇನ್ನೊಬ್ಬರ ನೋವು. ಅದರೆದುರು ಕದಲದಿರುವುದು ಅಭ್ಯಾಸವಾಗಿ, ಅಭ್ಯಾಸ ಜಡತೆಯಾಗಲು ಹೆಚ್ಚು ದಿನ ಬೇಡ. ಓಸ್ಲರ್‌ಗೆ ಇದು ಗೊತ್ತಿತ್ತು. ಹೃದಯ ಗಡುಸಾಗದಿರಲಿ ಎಂದು ಅಲ್ಲೇ ಎಚ್ಚರಿಸುತ್ತಾರೆ. ಆದರೂ ಆ ಭಾಷಣದಲ್ಲಿ ರೋಗಿ ವೈದ್ಯನ ಮುಖ ನೋಡಿ ಧೈರ್ಯ ತಾಳುವವನು ಅಥವಾ ಧೈರ್ಯ ಕಳೆದುಕೊಳ್ಳುವವನು ಮಾತ್ರ. ಅವನಿಗೆ ಮಾತಿಲ್ಲ.

ಆ ಮಾತು ಸಿಕ್ಕುವುದು ಓಸ್ಲರ್ ಅವರ ವಾರ್ಡಿನಲ್ಲಿ. ಅಲ್ಲಿ ವಿದ್ಯಾರ್ಥಿ ರೋಗಿಯ ಕಥೆ ಕೇಳಬೇಕು, ಬರೆದುಕೊಳ್ಳಬೇಕು, ನಾಡಿ ಮುಟ್ಟಿ ನೋಡಬೇಕು, ಮರುದಿನ ಮತ್ತೆ ಬರಬೇಕು. ಗುರುವಿನ ಧರ್ಮ ಇಲ್ಲಿ ದಿನಚರಿಯಾಗಿದೆ ಎಂದು ನನಗೆ ಅನ್ನಿಸುತ್ತದೆ. ಪಾದ್ರಿಯ ಮಗನ ದೇವರನ್ನು ಒಪ್ಪದ ವಿದ್ಯಾರ್ಥಿಯೂ ಈ ದಿನಚರಿಯನ್ನು ಒಪ್ಪಬಹುದು, ಬೇಕಾದರೆ ತಿದ್ದಬಹುದು. ಉಪದೇಶವಾಗಿ ಬಂದ ಸಮಚಿತ್ತದ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ.

‘ಈಕ್ವನಿಮಿಟಾಸ್’ ಇಂದಿಗೂ ಓದಬೇಕಾದ ಪುಸ್ತಕ. ವೈದ್ಯ ವಿದ್ಯಾರ್ಥಿಗಳು ಅದನ್ನು ವಾರ್ಡಿಗೆ ಹೋಗುವ ಮುನ್ನ ಓದುವುದಕ್ಕಿಂತ, ಹೋಗಿ ಬಂದ ಮೇಲೆ ಓದಲಿ.