ಅಂಬಿಗರ ಚೌಡಯ್ಯನವರ ಅಂಕಿತ: ಒಂದು ವಿಚಾರ

ವಚನದ ಅಂಕಿತವೆಂದರೆ ವಚನಕಾರರ ಇಷ್ಟದೈವದ ಹೆಸರೆಂದು ಸಾಮಾನ್ಯವಾಗಿ ಹೇಳುವುದುಂಟು. ಬಸವಣ್ಣನವರಿಗೆ ಕೂಡಲಸಂಗಮದೇವ, ಪ್ರಭುದೇವರಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ಆಡಿದ ಮಾತನ್ನು ದೈವಕ್ಕೊಪ್ಪಿಸಿ 'ನಾನು' ಹಿಂದೆ ಸರಿಯುವ ಸ್ಥಾನವದು. ಈ ಲಕ್ಷಣಕ್ಕೆ ಹೊರತಾಗಿ ನಿಲ್ಲುವವರು ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನವರು. ಅವರ ಅಂಕಿತದಲ್ಲಿ ದೈವದ ಹೆಸರಿಲ್ಲ. ತಮ್ಮ ಹೆಸರಿದೆ, ಅದಕ್ಕೂ ಮೊದಲು ತಮ್ಮ ಕಾಯಕವಿದೆ.

ಇದನ್ನು ಅಹಂಕಾರವೆನ್ನಬಹುದೆ? ನಿಷ್ಠುರವಾದಿಯ ಸ್ವಭಾವವೆಂದು ಹೇಳಿ ಮುಗಿಸಬಹುದೆ? ಎರಡೂ ಸಮಾಧಾನ ಕೊಡುವ ಉತ್ತರಗಳಲ್ಲ. ಅನುಭವ ಅಳಿದ ಮೇಲೆಯೇ ಅನುಭಾವವೆಂಬ ಮಾತನ್ನು ನಮ್ಮ ಉಪನ್ಯಾಸಗಳಲ್ಲಿ ಪದೇ ಪದೇ ಕೇಳುತ್ತೇವೆ. ಚೌಡಯ್ಯನವರ ವಚನಗಳು ಬೇರೆಯದನ್ನೇ ಹೇಳುತ್ತವೆ. ಹೊಳೆ, ದೋಣಿ, ಹುಟ್ಟು, ದಡ ಇವು ಅವರಿಗೆ ಪುಸ್ತಕದಿಂದ ಬಂದ ರೂಪಕಗಳಲ್ಲ. ಕೈ ನೋಯಿಸಿಕೊಂಡು ಬಲ್ಲ ವಸ್ತುಗಳು. ಉತ್ತಮ ಕುಲದವನೂ ಅಂತ್ಯಜನೂ ನಡುಹೊಳೆಯಲ್ಲಿ ಒಂದೇ ಹಲಗೆಯನ್ನು ಹಿಡಿದು ಕೂರುವುದನ್ನು ಅಂಬಿಗನಷ್ಟು ಹತ್ತಿರದಿಂದ ಕಂಡವರು ಯಾರು? ಡಾಂಭಿಕರ ಮೇಲಿನ ಅವರ ಕಟುನುಡಿಗೆ ಈ ಕಾಣ್ಕೆಯೇ ಬೇರೆಂದು ನನ್ನ ಅಭಿಪ್ರಾಯ. 'ಅಂಬಿಗರ' ಎಂಬ ಷಷ್ಠೀ ಬಹುವಚನವೂ ಗಮನಾರ್ಹ. ಅಲ್ಲಿರುವುದು ಒಬ್ಬನ ಪಾಡಲ್ಲ, ಹುಟ್ಟು ಹಾಕುವವರೆಲ್ಲರ ಪಾಡು.

ಆಯ್ದಕ್ಕಿ ಲಕ್ಕಮ್ಮನವರ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಪತಿಯ ಹೆಸರೂ ಪತಿಯ ದೈವವೂ ಅದರೊಳಗಿವೆ. ಇಷ್ಟರಿಂದಲೇ ಆಕೆ ತನ್ನತನವನ್ನು ಬಿಟ್ಟುಕೊಟ್ಟಳೆಂದು ತಿಳಿದರೆ ತಪ್ಪಾದೀತು. ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಇದ್ದಲ್ಲಿಗೇ ಸುರಿದು ಬನ್ನಿರೆಂದು ತಿದ್ದಿದವರು ಅವರೇ. ದಾಂಪತ್ಯದ ಅನುಭವ ಅವರ ಹೆಸರಿನಲ್ಲಿ ನೆಲೆಸಿತು, ನಾಲಗೆಯನ್ನು ಕಟ್ಟಲಿಲ್ಲ. ಅಂಕಿತ ಅವರಿಗೆ ಬೇಲಿಯಲ್ಲ, ನಿಂತು ಮಾತಾಡುವ ನೆಲ.

ಈ ವಿಚಾರ ನನಗೆ ಹೊಳೆದದ್ದು ಗ್ರಂಥದಿಂದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹೊಳೆದಂಡೆಯ ಊರೊಂದರ ಶಾಲೆಯಲ್ಲಿ ಚೌಡಯ್ಯನವರ ವಚನವನ್ನು ಪಾಠ ಮಾಡುತ್ತಿದ್ದೆ. ದೋಣಿ ನಡೆಸುವವರ ಮನೆಯ ಹುಡುಗನೊಬ್ಬ ವಚನವನ್ನು ಸೊಗಸಾಗಿ ಓದಿ, ಕೊನೆಯಲ್ಲಿ 'ಅಂಬಿಗರ' ಎಂಬುದನ್ನು ನುಂಗಿ 'ಚೌಡಯ್ಯ' ಎಂದಷ್ಟೇ ಹೇಳಿದ. ಪದ ಬಿಟ್ಟೆಯೆಂದು ಗದರಿಸಿ ಮತ್ತೆ ಓದಿಸಿದೆ. ಮತ್ತೆಯೂ ಬಿಟ್ಟ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಪಾಠದ ತಪ್ಪೆಂದು ನಾನು ತಿಳಿದದ್ದು ಪಾಠದ ತಪ್ಪಾಗಿರಲಿಲ್ಲವೆಂದು ತಿಳಿಯಲು ನನಗೆ ಬಹುಕಾಲ ಹಿಡಿಯಿತು. ಆ ಪದವನ್ನು ಊರು ಅವನ ಮೇಲೆ ಎಸೆಯುತ್ತಿತ್ತು. ಚೌಡಯ್ಯನವರು ಅದನ್ನು ತಾವೇ ಎತ್ತಿ ಹಿಡಿದಿದ್ದರು. ಪದವೊಂದೇ, ಆಡುವ ಬಾಯಿ ಬೇರೆ.

ಆದುದರಿಂದ, ಬಾಳಿನ ಅನುಭವವೇ ಮನುಷ್ಯನ ಗುರುತನ್ನು ರೂಪಿಸುತ್ತದೆಂಬ ಮಾತು ಅರ್ಧ ಸತ್ಯ. ಪಟ್ಟ ಪಾಡು ಆ ಹುಡುಗನಿಗೂ ಇತ್ತು. ಅದಕ್ಕೆ ಹೆಸರಿಡುವ ಅಧಿಕಾರ ಮಾತ್ರ ಅವನ ಕೈಯಲ್ಲಿರಲಿಲ್ಲ. ಆ ಅಧಿಕಾರ ಮರಳಿ ದೊರೆತಾಗ ಅನುಭವ ಅನುಭಾವಕ್ಕೆ ದಾರಿಯಾಗುತ್ತದೆ. ಶರಣರು ಹುಟ್ಟಿನ ಕುಲವನ್ನು ಅಲ್ಲಗಳೆದು, ಅದೇ ಬಾಯಿಂದ ಕಾಯಕದ ಹೆಸರನ್ನು ಉಳಿಸಿಕೊಂಡುದರ ಮರ್ಮ ಇದೇ ಇರಬೇಕು. ವಚನಗಳನ್ನು ಪಾಠ ಹೇಳುವವರು ಅಂಕಿತವನ್ನು ಓಡಿಸಿ ಓದದಿರಲಿ. ಓದಲು ತಡವರಿಸುವ ಮಗುವಿದ್ದರೆ, ಗದರಿಸುವ ಮುನ್ನ ಒಂದು ಗಳಿಗೆ ನಿಲ್ಲಲಿ.